ಬ್ಯಾರನ್ನಿನ ಸೂರಿನ ಕಡಜಗಳು

ನಾನು ಓದು ನಿಲ್ಲಿಸಿದ್ದು 2004ರಲ್ಲಿ, ಎಂಟನೇ ತರಗತಿಯ ಅರ್ಧಕ್ಕೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಂದಿನಿಂದ ಹೊಗೆಸೊಪ್ಪು ಮುರಿದಿದ್ದೇನೆ, ಕಡ್ಡಿಗೆ ಕಟ್ಟಿದ್ದೇನೆ, ಬ್ಯಾರನ್ನಿಗೆ, ಅಂದರೆ ಸೊಪ್ಪು ಒಣಗಿಸುವ ಬೆಂಕಿಮನೆಗೆ, ಏರಿಸಿ ಬೇಯಿಸಿದ್ದೇನೆ. ಕಟ್ಟೆಮಳಲವಾಡಿಯ ಸುತ್ತ ನನಗಿಂತ ಬೇಗ ಸೊಪ್ಪು ಕಟ್ಟುವವರಿದ್ದರೆ ಬಂದು ಕಟ್ಟಿ ತೋರಿಸಲಿ.

ಕೀಟ ಮತ್ತು ಹಕ್ಕಿಗಳ ನಡವಳಿಕೆ ಅಧ್ಯಯನ ಮಾಡಲು ಬಂದ ಮೇಡಂ ಒಬ್ಬರು ನನ್ನನ್ನು ಕೆಲಸಕ್ಕೆ ಕರೆದದ್ದು ಈ ಬೆರಳುಗಳನ್ನು ನೋಡಿ. ನಮ್ಮ ಹಳೆಯ ಬ್ಯಾರನ್ನಿನ ಸೂರಿನಡಿ ಕಡಜದ ಗೂಡೊಂದು ನೇತಾಡುತ್ತಿತ್ತು. ಬೆಳಗಿನ ಚಳಿಗೆ ಹುಳುಗಳು ಮರಗಟ್ಟಿ ಕೂತಿರುವಾಗ ಒಂದೊಂದನ್ನೇ ಹಿಡಿದು ಬೆನ್ನಿಗೆ ಬಣ್ಣದ ಚುಕ್ಕೆ ಇಡಬೇಕು. ಆಮೇಲೆ ದಿನವಿಡೀ ಕೂತು ಯಾರು ಯಾರನ್ನು ಹೊಡೆದರು ಎಂದು ಬರೆಯಬೇಕು. ಮೇಡಂ ಚಿಮಟದಲ್ಲಿ ಹಿಡಿಯುತ್ತಿದ್ದರು, ನಾನು ಬರಿ ಬೆರಳಲ್ಲೇ ಹಿಡಿಯುತ್ತಿದ್ದೆ. ಒಟ್ಟು ಮೂವತ್ತೆರಡು ಹುಳುಗಳಿಗೆ ಗುರುತು ಹಾಕಿದೆವು.

ಗೂಡು ಎಂದರೆ ಸಂಸಾರ ಅಂದುಕೊಂಡಿದ್ದೆ. ಅದು ಹೊಡೆದಾಟದ ಕಣ. ಕೆಂಪು ಚುಕ್ಕೆಯ ರಾಣಿ ನೀಲಿ ಚುಕ್ಕೆಯವಳ ಮೇಲೇರಿ ಕತ್ತು ಕಚ್ಚಿ ಹಿಡಿದರೆ, ಕೆಳಗಿದ್ದವಳು ಮುದುಡಿ ಸತ್ತಂತೆ ಬೀಳುವವರೆಗೂ ಬಿಡುತ್ತಿರಲಿಲ್ಲ. ಹೊರಗೆ, ಹೊಗೆಕೊಳವೆಯ ಮೇಲೆ ಕಾಜಾಣ ಹಕ್ಕಿ ಕಾಯುತ್ತಿತ್ತು. ಹಾರಿ ಬಂದ ಕಡಜವನ್ನು ಗಾಳಿಯಲ್ಲೇ ಕಚ್ಚಿ, ತಗಡಿಗೆ ಬಡಿದು, ಕೊಂಡಿಯನ್ನು ಉಜ್ಜಿ ಕಿತ್ತು, ಮಿಕ್ಕಿದ್ದನ್ನು ನುಂಗುತ್ತಿತ್ತು. ಎರಡು ತಿಂಗಳು ಇದನ್ನೆಲ್ಲ ನನ್ನ ಕೈಬರಹದಲ್ಲಿ ಬರೆದೆ.

ಬ್ಯಾರನ್ನಿಗೆ ಬೆಂಕಿ ಹಾಕುವ ಮೊದಲು ಪಂಜು ಹಿಡಿದು ಸೂರಿನ ಗೂಡುಗಳನ್ನೆಲ್ಲ ಸುಡುವುದು ನಮ್ಮ ಕಡೆಯ ರೂಢಿ. ಆ ಕೆಲಸ ನನ್ನ ಅಣ್ಣನದು. ಈ ಸಲ ಅವನನ್ನು ತಡೆದಿದ್ದೆ.

"ನೋಡ್ರಪ್ಪಾ, ಕಡಜಕ್ಕೆ ಕುಂಕುಮ ಇಡ್ತಾ ಕುಂತವ್ನೆ ನನ್ ತಮ್ಮ," ಎಂದು ಅಣ್ಣ ಆಳುಗಳ ಮುಂದೆ ನಗುತ್ತಿದ್ದ. "ಸೀಮಂತ ಯಾವಾಗ್ಲಾ? ಆಮೇಲೆ ಸುಡ್ತೀನಿ ಬುಡು."

ಆ ವಾರ ಮೇಡಂ ರಾಣಿಯನ್ನು ಗೂಡಿನಿಂದ ತೆಗೆದರು. ಉಳಿದವರಲ್ಲಿ ಯಾರು ಹೊಡೆದಾಡಿ ರಾಣಿಯಾಗುತ್ತಾಳೆ ಎಂಬುದೇ ಅವರ ಪ್ರಶ್ನೆ. ಎರಡು ದಿನ ಅವರು ಮೈಸೂರಿಗೆ ಹೋಗಬೇಕಾಯಿತು. "ಈ ಗೂಡು ಪೂರ್ತಿ ನಿಮ್ಮದು. ಇದು ಕೈತಪ್ಪಿದ್ರೆ ಎರಡು ತಿಂಗಳು ವ್ಯರ್ಥ," ಎಂದರು. ಎಂಟನೇ ಕ್ಲಾಸಿನವನ ಕೈಗೆ ಅಷ್ಟು ದೊಡ್ಡ ಕೆಲಸ ಕೊಟ್ಟರಲ್ಲ ಎಂದು ನನ್ನ ಎದೆ ಉಬ್ಬಿತು.

ಮರುದಿನ ಆಳು ಸಾಲದೆ ಮುಂಜಾನೆಯೇ ಆ ವರ್ಷದ ಮೊದಲ ಸೊಪ್ಪು ಮುರಿಯಲು ಇಳಿದೆ. ಸೋನೆ ಮಳೆಗೆ ಹುಳುಗಳು ಹತ್ತು ಗಂಟೆಯಾದರೂ ಮರಗಟ್ಟಿಯೇ ಇದ್ದವು. ಕೈಗೆ ಮೆತ್ತಿದ್ದ ಸೊಪ್ಪಿನ ಕರಿ ಅಂಟನ್ನು ಮಣ್ಣಲ್ಲಿ ಉಜ್ಜಿ ತೊಳೆದು, ಚುಕ್ಕೆ ಮಾಸಿದ್ದ ಹತ್ತೊಂಬತ್ತು ಹುಳುಗಳಿಗೆ ಮತ್ತೆ ಬಣ್ಣ ಇಟ್ಟೆ.

ಮಾರನೆಯ ಬೆಳಿಗ್ಗೆ ಗೂಡಿನ ಕೆಳಗೆ ಹುಳುಗಳು ಬಿದ್ದಿದ್ದವು. ಕೆಲವು ಬೆನ್ನಡಿಯಾಗಿ ಕಾಲು ಬಡಿಯುತ್ತಿದ್ದವು, ಉಳಿದವು ಸತ್ತಿದ್ದವು. ಎಣಿಸುವ ತಾಳ್ಮೆಯೂ ಇರಲಿಲ್ಲ. ತಿರುಗಿ ನೋಡಿದರೆ ಹೊಸ ಬ್ಯಾರನ್ನಿನ ಬಳಿ ಅಣ್ಣ ಪಂಜಿಗೆ ಬಟ್ಟೆ ಸುತ್ತುತ್ತಿದ್ದ.

"ಏನ್ಲಾ ಮಾಡ್ದೆ ನನ್ ಹುಳಗಳ್ಗೆ?" ಅಣ್ಣನಿಗೆ ಅಲ್ಲಿಯವರೆಗೆ ನಾನು 'ಲಾ' ಅಂದವನಲ್ಲ.

"ಮುಟ್ಟಿಲ್ಲ ಕಣೋ. ಹುಳದ ತಿಥಿಗೆ ನನ್ನ್ಯಾಕ್ ಕರೀತೀಯೆ?"

ಸೊಪ್ಪು ಕಟ್ಟುವ ಮಾರುದ್ದದ ಗಟ್ಟಿ ಕಡ್ಡಿ ಎತ್ತಿ ಬೀಸಿದೆ. ತಲೆಗೆ ಅಡ್ಡ ಹಿಡಿದ ಅವನ ಎಡಗೈ ಲಟ್ ಎಂದಿತು. ಅವನು ಬಲಗೈಯಲ್ಲಿ ನನ್ನ ಬಾಯಿಗೆ ಗುದ್ದಿದ. ತುಟಿ ಸೀಳಿ ರಕ್ತ ಅಂಗಿಗೆ ಇಳಿಯಿತು. ಕೆಡವಿಕೊಂಡು ಅವನ ಎದೆಯ ಮೇಲೆ ಕೂತು ಹೊಡೆದೆ. ಸೊಪ್ಪು ಕಟ್ಟುತ್ತಿದ್ದ ಹೆಂಗಸರು ನನ್ನ ಜುಟ್ಟು ಹಿಡಿದು ಎಳೆಯದಿದ್ದರೆ ಅಂದು ಏನಾಗುತ್ತಿತ್ತೋ ಹೇಳಲಾರೆ. ಅಣ್ಣನನ್ನು ಹುಣಸೂರಿನ ಆಸ್ಪತ್ರೆಗೆ ಆಟೋದಲ್ಲಿ ಸಾಗಿಸಿದರು. ನಾನು ಹೋಗಲಿಲ್ಲ. ಗೂಡಿನ ಕೆಳಗೇ ಕೂತೆ.

ಮಧ್ಯಾಹ್ನ ಮೇಡಂ ಬಂದರು. "ಅಣ್ಣ ಸುಟ್ಟ," ಎಂದೆ.

"ಸುಟ್ಟಿದ್ರೆ ಗೂಡು ಉಳೀತಿತ್ತಾ? ಮಸಿಯೂ ಇಲ್ವಲ್ಲ," ಎಂದರು.

ಅಷ್ಟರಲ್ಲಿ ಕಾಜಾಣ ನೆಲಕ್ಕಿಳಿದು ಸತ್ತ ಹುಳುವೊಂದನ್ನು ಕಚ್ಚಿ ಹಾರಿತು. ಎಂದಿನಂತೆ ತಗಡಿಗೆ ಬಡಿಯಿತು. ಆದರೆ ನುಂಗಲಿಲ್ಲ, ಉಗುಳಿತು. ಕೊಕ್ಕನ್ನು ಬಲಕ್ಕೂ ಎಡಕ್ಕೂ ಒರೆಸಿಕೊಂಡಿತು. ಇನ್ನೊಂದನ್ನು ಎತ್ತಿ ಅದನ್ನೂ ಉಗುಳಿತು.

ಮೇಡಂ ಒಂದು ಹುಳುವನ್ನು ಮೂಸಿದರು. ಆಮೇಲೆ, "ನಿಮ್ಮ ಕೈ ಕೊಡಿ," ಎಂದು ಬೆರಳು ಮೂಸಿದರು. ಉಗುರಿನ ಸಂದಿಯಲ್ಲಿ ಅಂಟು ಹಾಗೇ ಇತ್ತು. ಕೆಳಗೆ ಬಿದ್ದವನ್ನು ಎಣಿಸಿದೆ. ಹತ್ತೊಂಬತ್ತು. ಎಲ್ಲವೂ ನಾನು ಹಿಂದಿನ ದಿನ ಹಿಡಿದವೇ. ಮುಟ್ಟದಿದ್ದ ಹನ್ನೆರಡು ಗೂಡಿನ ಮೇಲೆ ಹೊಡೆದಾಡುತ್ತಿದ್ದವು. ಅವರೆಗಿಡದ ಹೇನು ಸಾಯಲೆಂದು ವರ್ಷವೂ ಹೊಗೆಸೊಪ್ಪು ನೆನೆಸಿದ ನೀರು ಹೊಡೆಯುವವನು ನಾನೇ. ಅದೇ ವಿಷ ನನ್ನ ಬೆರಳಲ್ಲಿದೆ ಎಂದು ಹೊಳೆದಿರಲಿಲ್ಲ.

"ಈ ಗೂಡಿನ ಕೆಲಸ ಮುಗೀತು," ಎಂದರು ಮೇಡಂ. "ಇನ್ನೊಂದು ಕೊಡ್ಲೋ ಬೇಡ್ವೋ ಅನ್ನೋದು ಈಗ ನೀವೇನು ಬರೀತೀರಿ ಅನ್ನೋದರ ಮೇಲೆ."

'ಹತ್ತೊಂಬತ್ತು ಹುಳುಗಳನ್ನು ನನ್ನ ಕೈಯ ಅಂಟು ಕೊಂದಿತು. ಬೇರೆ ಯಾರೂ ಮುಟ್ಟಿಲ್ಲ' ಎಂದು ಬರೆದು ಸಹಿ ಹಾಕಿ, ನೋಟ್‌ಬುಕ್ಕನ್ನು ಆಸ್ಪತ್ರೆಗೆ ಒಯ್ದು ಅಣ್ಣನಿಗೆ ಓದಿ ಹೇಳಿದೆ. ಅವನು ಕೇಳಿಸಿಕೊಂಡು, ಪ್ಲಾಸ್ಟರ್ ಇಲ್ಲದ ಕೈಯಿಂದ ನನ್ನ ಕೆನ್ನೆಗೆ ಬಾರಿಸಿದ. ಒಡೆದ ತುಟಿ ಮತ್ತೆ ತೆರೆಯಿತು.

"ಇದ್ನೂ ಬರ್ಕೋ," ಎಂದ. "ಈ ವರ್ಷ ನನ್ ಪಾಲಿನ್ ಸೊಪ್ಪೂ ನೀನೇ ಕಟ್ಬೇಕು."

ಕಟ್ಟಿದೆ, ಒಂದು ಕಡ್ಡಿಯೂ ಕಡಿಮೆಯಾಗದಂತೆ. ಮುಂದಿನ ಬೇಸಿಗೆಯಲ್ಲಿ ಮೇಡಂ ಇನ್ನೊಂದು ಗೂಡು ಕೊಟ್ಟರು.

ಈಗ ನನ್ನಲ್ಲಿ ಹನ್ನೊಂದು ನೋಟ್‌ಬುಕ್ಕುಗಳಿವೆ. ಒಂದು ದುರ್ಬೀನು, ಎರಡು ಚಿಮಟ. ಎಡಗೈ ಪೂರ್ತಿ ಮಡಚಲಾಗದ ಅಣ್ಣ ಒಬ್ಬ. ಒಂದೂವರೆ ಎಕರೆ ಹೊಗೆಸೊಪ್ಪು. ಗಾವಡಗೆರೆ ದಾರಿಯಲ್ಲಿ ನಾನೊಬ್ಬನೇ ನೋಡಿಕೊಳ್ಳುವ ಗೂಡು ಆರು.