ಪಟ್ಟಿಗೆ ಸೇರದ ಹಸು

ಕೆಂಚಮ್ಮನನ್ನು ನಾನು ಮೊದಲು ಕಂಡದ್ದು ೧೯೫೬ರ ಜೂನ್ ತಿಂಗಳಲ್ಲಿ, ಬಿಸಿಲೆಯ ಕಡೆಗಿನ ಕಾಲುದಾರಿಯಲ್ಲಿ. ಅಲ್ಲಿಯ ಒಂದು ಹಳ್ಳಿಯ ಶಾಲೆಗೆ ವರ್ಗವಾಗಿ ಹೊರಟಿದ್ದೆ. ಜಿಟಿಜಿಟಿ ಮಳೆ. ಎದುರಿಗೆ ದನಗಳ ಮಂದೆ, ಹಿಂದೆ ಕಂಬಳಿ ಹೊದ್ದ ಹೆಂಗಸು.

“ಹೊಸ ಮೇಷ್ಟ್ರಲ್ವಾ? ಕೊಡೆ ಮಡಚ್ಬುಡಿ. ನಮ್ಮ ಕರಿಯಂಗೆ ಕೊಡೆ ಕಂಡ್ರೆ ಆಗಾಕಿಲ್ಲ.”

“ನೆನೆದು ಹೋಗ್ತೀನಲ್ಲಮ್ಮ.”

“ನೆಂದ್ರೆ ಒಣಗ್ತೀರ. ಅದು ಹಾಯ್ದ್ರೆ ಏನ್ಮಾಡ್ತೀರ?”

ನಾನು ನೆನೆದೆ.

ಅವಳು ಊರಿನವರೆಲ್ಲರ ದನ ಕಾಯುವವಳು. ಗಂಡ ಸತ್ತ ಮೇಲೆ ಅವನ ಕೋಲನ್ನೇ ಹಿಡಿದಿದ್ದಳು. ಆ ಊರಿನಲ್ಲಿ ಹಾಲಿಗಿಂತ ಗೊಬ್ಬರಕ್ಕಾಗಿಯೇ ದನ ಸಾಕುತ್ತಿದ್ದರು. ತಿಪ್ಪೆಯ ಎತ್ತರ ನೋಡಿ ಹೆಣ್ಣು ಕೊಡುವವರಿದ್ದರು. ಮಂದೆಯ ನಲವತ್ತು ದನಗಳಲ್ಲಿ ಅವಳದೆಂಬುದು ಒಂದೂ ಇರಲಿಲ್ಲ. ಹನ್ನೊಂದು ವರ್ಷ ಕಾಯ್ದ ಮೇಲೆ ಸುಬ್ಬಯ್ಯನವರೆಂಬ ರೈತರು ಅವಳಿಗೊಂದು ಹೆಣ್ಣುಗರು ಕೊಟ್ಟಿದ್ದರು. ಅದೇ ಕೌಲಿ, ಮಂದೆಯ ನಲವತ್ತೊಂದನೆಯದು. ನಾನು ಹೋದ ಮರುವರ್ಷ ಅದು ಮೊದಲ ಸಲ ಗಬ್ಬವಾಯಿತು.

ಆ ದೀಪಾವಳಿಯ ಗೋಪೂಜೆ ಮುಗಿದ ವಾರಕ್ಕೆ ದನದ ಡಾಕ್ಟರು ಬಂದರು. ಹಿಂಡುಹಿಂಡನ್ನೇ ಕೊಲ್ಲುವ ದೊಡ್ಡರೋಗ ಬಾರದಂತೆ ಎಲ್ಲ ದನಗಳಿಗೂ ಸೂಜಿ ಹಾಕಬೇಕಾಗಿತ್ತು. ಪಟ್ಟಿ ಬರೆಯುವ ಕೆಲಸ ನನ್ನದು. ಗಬ್ಬದ ಹಸುವಿಗೆ ಸೂಜಿ ಹಾಕಿದರೆ ಕಂದು ಹಾಕುತ್ತದೆ, ಕರು ಉಳಿಯುವುದಿಲ್ಲ ಎಂದು ಹೆಂಗಸರೆಲ್ಲ ಹೆದರಿದ್ದರು. ಹಾಗೇನೂ ಆಗದೆಂದು ಡಾಕ್ಟರು ಹೇಳಿದರೂ ಯಾರೂ ನಂಬಲಿಲ್ಲ. ಕೆಂಚಮ್ಮ ಮುಂದೆ ಬಂದು ಒಂದೊಂದೇ ದನದ ಕೊಂಬು ಹಿಡಿದು ನಿಲ್ಲಿಸಿಕೊಟ್ಟಳು. ಹೆದರಿ ನಿಂತಿದ್ದ ವಿಶಾಲಮ್ಮನವರ ಗಬ್ಬದ ಹಸು ಬೆಳ್ಳಿಯನ್ನೂ ಹಿಡಿದಳು.

“ಏನೂ ಆಗಾಕಿಲ್ಲ ಕಣವ್ವ, ನಾನಿಲ್ವಾ?” ಎಂದಳು.

“ನಿನ್ನ ಕೌಲಿ ಎಲ್ಲಿ?” ಎಂದೆ.

“ಕಾಡಿಗೆ ನುಗ್ಬುಡ್ತು ಮೇಷ್ಟ್ರೇ. ಸಿಕ್ಕಾಕಿಲ್ಲ.”

ದನವೊಂದನ್ನು ಕಾಡಿನಲ್ಲಿ ಬಿಟ್ಟು ಬರುವವಳು ಅವಳಲ್ಲವೆಂದು ನನಗೆ ಗೊತ್ತಿತ್ತು. ಆದರೂ ಪಟ್ಟಿಯಲ್ಲಿ ನಲವತ್ತೆಂದೇ ಬರೆದೆ.

ಶಿವರಾತ್ರಿಗೆ ಮುಂಚೆ, ಘಟ್ಟ ಇಳಿಯುವ ಗಾಡಿಗಳು ಹಳ್ಳದ ಬಳಿ ಬೀಡುಬಿಟ್ಟವು. ಗಾಡಿಯವರದೊಂದು ಎತ್ತು ದೊಡ್ಡರೋಗದಿಂದ ಅಲ್ಲೇ ಸತ್ತಿತು. ಮರುವಾರ ಕೌಲಿ ಮೆಲುಕು ಹಾಕುವುದನ್ನು ನಿಲ್ಲಿಸಿತು. ಕಣ್ಣಲ್ಲಿ ನೀರು, ಬಾಯಲ್ಲಿ ಹುಣ್ಣು, ನಿಲ್ಲದ ಭೇದಿ. ನೋಡಲು ಬಂದವರೆದುರು ಕೆಂಚಮ್ಮ ತಾನಾಗಿಯೇ ಹೇಳಿಬಿಟ್ಟಳು: “ಸೂಜಿ ಹಾಕ್ದಾಗ ಇದನ್ನ ಬಿದಿರುಮೆಳೆಯಾಗೆ ಕಟ್ಟಿದ್ದೆ. ನಾನೇ ಕೊಂದ್ಬುಟ್ಟೆ.” ಕೊಟ್ಟಿಗೆಯಲ್ಲೇ ಕೂತು ಗಂಜಿ ಕುಡಿಸಿದಳು. ಹೊಟ್ಟೆಯ ಮೇಲೆ ಅಂಗೈಯಿಟ್ಟು, ಕರು ಒದೆಯುವುದನ್ನು ಕಾಯುತ್ತಿದ್ದಳು. ನಾಲ್ಕನೆಯ ದಿನ ಒದೆತ ನಿಂತಿತು. ಆರನೆಯ ದಿನ ಕೌಲಿ ಸತ್ತಿತು.

ಉಳಿದ ನಲವತ್ತರಲ್ಲಿ ಒಂದಕ್ಕೂ ಏನೂ ಆಗಲಿಲ್ಲ. ಬೆಳ್ಳಿ ಆ ತಿಂಗಳೇ ಕರು ಹಾಕಿತು.

ಕೌಲಿಯನ್ನು ಇಳಿಸಿದ ಗುಂಡಿಗೆ ಸುಣ್ಣ ಸುರಿಯುತ್ತಿದ್ದಾಗ ವಿಶಾಲಮ್ಮನವರು ಬಂದರು. ಸಮಾಧಾನ ಹೇಳಲು ಬಂದರೆಂದುಕೊಂಡೆ.

“ಕಂದು ಹಾಕ್ತದೆ ಅಂತ ನಿನ್ನ ಹಸೂನ ಬಚ್ಚಿಟ್ಟೆ. ನನ್ನ ಬೆಳ್ಳಿನ ಮಾತ್ರ ಕೊಂಬು ಹಿಡಿದು ಕೊಟ್ಯಲ್ಲೇ. ಅದ್ರ ಹೊಟ್ಟೇಲಿದ್ದದ್ದು ಕರು ಅಲ್ವೇನೇ?”

ಕೆಂಚಮ್ಮ ಗುದ್ದಲಿಯಿಂದ ಮಣ್ಣೆಳೆಯುತ್ತಲೇ ಇದ್ದಳು. ಮರುದಿನದಿಂದ ಬೆಳ್ಳಿ ಮಂದೆಗೆ ಬರಲಿಲ್ಲ. ಆಮೇಲೆ ಇನ್ನೂ ಕೆಲವು ಮನೆಯವರು ತಮ್ಮ ದನಗಳನ್ನು ಬಿಡಿಸಿಕೊಂಡರು. ಸುಬ್ಬಯ್ಯನವರು ಮತ್ತೊಂದು ಕರು ಕೊಡುತ್ತೇನೆಂದರೂ ಅವಳು ಒಲ್ಲೆನೆಂದಳು.

ನಿವೃತ್ತನಾಗಿ ಆಲೂರಿನಲ್ಲಿರುವ ನಾನು ಇಪ್ಪತ್ತೈದು ವರ್ಷಗಳ ಮೇಲೆ ಕಳೆದ ತಿಂಗಳು ಆ ಕಡೆ ಹೋಗಿದ್ದೆ. ಕೆಂಚಮ್ಮನಿಗೆ ಅರವತ್ತು ದಾಟಿದೆ. ಉಳಿದ ಹದಿನೈದು ದನಗಳನ್ನು ಕಾಯುತ್ತಾಳೆ. ಸೂಜಿಯವರು ಬರುವ ಹಿಂದಿನ ದಿನ ಸುತ್ತಲಿನ ಹಳ್ಳಿಗಳಿಗೆ ನಡೆದು ಹೋಗಿ, ಹಿತ್ತಲಲ್ಲೂ ಮೆಳೆಯಲ್ಲೂ ಅಡಗಿಸಿದ ದನಗಳನ್ನು ಹುಡುಕುತ್ತಾಳೆ.

“ತನ್ನದನ್ನ ಬಚ್ಚಿಟ್ಟೋಳು ನಮಗೆ ಬುದ್ಧಿ ಹೇಳಾಕ್ ಬಂದ್ಲು!” ಎಂದು ಹೆಂಗಸೊಬ್ಬಳು ನನ್ನೆದುರೇ ಬೈದಳು.

“ಅದಕ್ಕೇ ಬಂದೆ ಕಣವ್ವ. ಬಚ್ಚಿಡೋ ಜಾಗ ಎಲ್ಲಾ ನಂಗೆ ಗೊತ್ತೈತೆ,” ಎಂದು ಕೆಂಚಮ್ಮ ಅಡಗಿಸಿಟ್ಟಿದ್ದ ದನದ ಹಗ್ಗ ಬಿಚ್ಚಿದಳು.

ಆದರೆ ಗಬ್ಬದ ಹಸುವಾದರೆ, ಸೂಜಿ ಹಾಕುವಾಗ ಕೊಂಬನ್ನು ಅದರ ಮನೆಯವರೇ ಹಿಡಿಯಬೇಕು. ಅವಳು ಮುಟ್ಟುವುದಿಲ್ಲ.