ಅಕ್ಕಯ್ಯ ಕುಡಿದ ಅರಿಷ್ಟ

ಅಮ್ಮಸಂದ್ರದ ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಮರುಳಸಿದ್ದಯ್ಯ ದ್ರಾಕ್ಷಿ ವೈನ್ ಮಾಡುವುದನ್ನು ಕಲಿತದ್ದು ಜೊತೆಯ ಕೆಲಸಗಾರ ಲಾರೆನ್ಸನಿಂದ. ಲಾರೆನ್ಸ್ ಮಂಗಳೂರಿನ ಕಡೆಯವನು. ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಅವನ ಕ್ವಾರ್ಟರ್ಸಿನ ಮಂಚದ ಕೆಳಗೆ ಭರಣಿಗಳು ಸಾಲಾಗಿ ಕೂರುತ್ತಿದ್ದವು. ಒಂದು ವರ್ಷ ಹಬ್ಬದ ದಿನ ಮನೆಗೆ ಕರೆದು, “ನಾಲಿಗೆಗೆ ತಾಗಿಸಿ ನೋಡು ಮಾರಾಯ, ಬೇಡವಾದರೆ ಉಗಿ,” ಎಂದು ಚಿಕ್ಕ ಗ್ಲಾಸು ಮುಂದಿಟ್ಟ. ಮರುಳಸಿದ್ದಯ್ಯ ಉಗಿಯಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಬೋರ್‌ವೆಲ್ಲಿನ ಹತ್ತಿರ ಸೈಕಲ್ ನಿಲ್ಲಿಸಿ ಮತ್ತೆ ಮತ್ತೆ ಬಾಯಿ ಮುಕ್ಕಳಿಸಿದ, ಎಲೆ ಅಡಿಕೆ ಜಗಿದ. ಆದರೂ ಹೆಂಡತಿ ಗುರುಶಾಂತಮ್ಮನ ಮುಖ ನೋಡದೆ ಗೋಡೆಯ ಕಡೆ ತಿರುಗಿ ಮಲಗಿದ.

ಅವನ ಮನೆತನದಲ್ಲಿ ಕುಡಿದವರೇ ಇರಲಿಲ್ಲ. ಅಂಬೆಗಾಲಿಡುವಾಗಲೇ ತಾಯಿಯನ್ನು ಕಳೆದುಕೊಂಡಿದ್ದ ಅವನನ್ನು ಸಾಕಿದವಳು ಅಕ್ಕ ಸಿದ್ದಗಂಗಮ್ಮ. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡ ತೀರಿಹೋಗಿ ತವರಿಗೆ ಬಂದವಳು ಮತ್ತೆಲ್ಲೂ ಹೋಗಲಿಲ್ಲ. ಲಿಂಗಪೂಜೆಯಾಗದೆ ಹನಿ ನೀರು ಮುಟ್ಟುತ್ತಿರಲಿಲ್ಲ. ಸೋಮವಾರ ಸಂಜೆ ಗುಡಿಯಲ್ಲಿ ಹೆಂಗಸರು ವಚನ ಹಾಡುವಾಗ ಮುಂದೆ ಕೂತು ಮೊದಲ ಸಾಲು ಎತ್ತಿಕೊಡುತ್ತಿದ್ದವಳು ಅವಳೇ. ಬೀದಿಯಲ್ಲಿ ಯಾರಾದರೂ ತೂರಾಡುತ್ತ ಬಂದರೆ ಸೆರಗನ್ನು ಮೂಗಿಗೆ ಹಿಡಿದು ಗೋಡೆಗೆ ಸರಿಯುತ್ತಿದ್ದಳು.

ಹೀಗಿದ್ದೂ ಆ ರುಚಿ ಮರುಳಸಿದ್ದಯ್ಯನನ್ನು ಬಿಡಲಿಲ್ಲ. ತೊಂಬತ್ತೆರಡನೇ ಇಸವಿಯಲ್ಲಿ ದೊಡ್ಡಬಳ್ಳಾಪುರದ ಕಡೆಯ ಕರಿ ದ್ರಾಕ್ಷಿ ತುಮಕೂರಿನ ಮಾರ್ಕೆಟ್ಟಿಗೆ ಬಂದಾಗ ಲಾರೆನ್ಸ್ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಅಲ್ಲೇ ನಿಂತುಬಿಟ್ಟ. “ಇಂಥ ಹಣ್ಣು ಎಲ್ಲ ವರ್ಷ ಸಿಗುವುದಿಲ್ಲ. ಈ ಸಲ ವರ್ಷಗಟ್ಟಲೆ ಇಡುವಂಥದ್ದು ಮಾಡುವ,” ಎಂದ.

ಇಬ್ಬರೂ ಮರುಳಸಿದ್ದಯ್ಯನ ತೋಟದ ಪಂಪ್‌ಹೌಸಿನಲ್ಲಿ ಕೂತು ಹಣ್ಣು ಬಿಡಿಸಿ ಕೈಯಲ್ಲೇ ಹಿಸುಕಿ, ಸಿಪ್ಪೆ ಸಮೇತ ಭರಣಿಗಳಿಗೆ ತುಂಬಿ ಬಾಯಿಗೆ ಬಟ್ಟೆ ಕಟ್ಟಿದರು. ಮಾರನೆಯ ದಿನವೇ ರಸ ಗುಳುಗುಳು ಎನ್ನತೊಡಗಿತು. ಸಿಪ್ಪೆಯೆಲ್ಲ ಮೇಲೆ ತೇಲಿ ದಪ್ಪಗೆ ಕೆನೆಗಟ್ಟಿತು. ಡ್ಯೂಟಿಗೆ ಹೋಗುವ ಮುಂಚೆ, ಬಂದ ಮೇಲೆ, ಮರುಳಸಿದ್ದಯ್ಯ ಮರದ ಸೌಟಿನಿಂದ ಅದನ್ನು ಒತ್ತಿ ಕದಡುತ್ತಿದ್ದ. ದಿನವೂ ರುಚಿ ನೋಡುತ್ತಿದ್ದ ಲಾರೆನ್ಸ್, ಸಿಹಿ ಅರ್ಧಕ್ಕೆ ಇಳಿದ ದಿನ ರಸ ಸೋಸಿ ಅದಕ್ಕೆ ಬ್ರಾಂದಿ ಸುರಿದ. “ಇನ್ನು ಹುಳಿಯುವುದು ನಿಂತಿತು. ಉಳಿದ ಸಿಹಿ ಹಾಗೇ ಇರುತ್ತದೆ. ಇದು ಕೆಡುವ ಮಾಲಲ್ಲ,” ಎಂದ. ಬ್ರಾಂದಿ ಕೊಂಡು ತಂದವನೂ ಅವನೇ. ಆ ಅಂಗಡಿಯ ಮೆಟ್ಟಿಲು ಹತ್ತುವ ಧೈರ್ಯ ಮರುಳಸಿದ್ದಯ್ಯನಿಗೆ ಇರಲಿಲ್ಲ.

ತಿಳಿಯಾದ ಮೇಲೆ ಬಾಟಲಿಗೆ ತುಂಬಿ, ಬಿರಡೆ ಹೊಡೆದು, ಅರಗು ಕರಗಿಸಿ ಬಾಯಿ ಮುಚ್ಚಿದರು. ತಂಪು ಇರುವ, ಬೆಳಕು ಬೀಳದ ಜಾಗ ಬೇಕಿತ್ತು. ಹಿತ್ತಲಲ್ಲಿ ತಾತನ ಕಾಲದ ಹಗೇವು ಇತ್ತು. ರಾಗಿ ತುಂಬಿಡುತ್ತಿದ್ದ ಆ ನೆಲದೊಳಗಿನ ಗುಂಡಿ ಬರಿದಾಗಿ ಎಷ್ಟೋ ವರ್ಷವಾಗಿತ್ತು. ಅದರೊಳಗೆ ಮರಳಿನ ಮೇಲೆ ಬಾಟಲಿಗಳನ್ನು ಅಡ್ಡಡ್ಡ ಮಲಗಿಸಿ ಕಲ್ಲು ಮುಚ್ಚಿದರು. “ಹತ್ತು ವರ್ಷ ಮುಟ್ಟಬೇಡ,” ಎಂದು ಹೇಳಿದ ಲಾರೆನ್ಸ್ ಮುಂದಿನ ವರ್ಷ ನಿವೃತ್ತನಾಗಿ ಊರಿಗೆ ಹೋದ.

ಗುರುಶಾಂತಮ್ಮನಿಗೆ ಗೊತ್ತಿತ್ತು. “ಅಕ್ಕಯ್ಯನ ಕಿವಿಗೆ ಬಿದ್ರೆ ಏನ್ರೀ ಗತಿ?” ಎಂದು ಒಂದು ಸಲ ಕೇಳಿ ಸುಮ್ಮನಾಗಿದ್ದಳು.

ಎರಡು ಸಾವಿರದ ನಾಲ್ಕರ ಹೊತ್ತಿಗೆ ಮರುಳಸಿದ್ದಯ್ಯನೂ ಕೆಲಸದಿಂದ ನಿವೃತ್ತನಾಗಿದ್ದ. ಆ ವರ್ಷ ಅಕ್ಕಯ್ಯನಿಗೆ ವಿಷಮಜ್ವರ ಬಂದು ಹೋಯಿತು. ಜ್ವರವೇನೋ ಬಿಟ್ಟಿತು, ಊಟ ಸೇರದಾಯಿತು. ಮುದ್ದೆಯ ತಟ್ಟೆಯನ್ನು ಹಾಗೇ ಸರಿಸಿಬಿಡುತ್ತಿದ್ದಳು. ಒಂದು ಮಧ್ಯಾಹ್ನ ಅವಳು ಮಲಗಿದ್ದಾಳೆಂದುಕೊಂಡು ಮರುಳಸಿದ್ದಯ್ಯ ಮೊದಲ ಬಾಟಲಿ ಬಿಚ್ಚಿದ. ತಳದ ಗಷ್ಟು ಕದಡದಂತೆ ಪಂಚೆಯ ತುಂಡಿನಲ್ಲಿ ನಿಧಾನ ಸೋಸಿದ. ಅಂದು ಕರ್ರಗಿದ್ದ ರಸ ಈಗ ಹಳೆಯ ಹೆಂಚಿನ ಬಣ್ಣಕ್ಕೆ ತಿರುಗಿತ್ತು. ಜೋನಿಬೆಲ್ಲ, ಒಣದ್ರಾಕ್ಷಿ, ಲವಂಗ ಎಲ್ಲ ಕೂಡಿದಂಥ ವಾಸನೆ ಅಡುಗೆಮನೆ ತುಂಬಿತು.

“ಏನ್ಲಾ ಅದು, ಗಮ್ಮಂತೈತೆ?” ಬಾಗಿಲಲ್ಲಿ ಅಕ್ಕಯ್ಯ ನಿಂತಿದ್ದಳು.

“ಅರಿಷ್ಟ ಕಣಕ್ಕಯ್ಯ. ದ್ರಾಕ್ಷಾರಿಷ್ಟ.” ಯೋಚಿಸುವ ಮೊದಲೇ ಮಾತು ಬಾಯಿಂದ ಬಿದ್ದಿತ್ತು.

“ಹಂಗಾದ್ರೆ ನಂಗೂ ವಸಿ ಕೊಡು. ನಾಲ್ಗೆ ಸತ್ತೋಗೈತೆ.”

ಇಲ್ಲ ಎನ್ನಲು ಕಾರಣ ಹೊಳೆಯಲಿಲ್ಲ. ಸಣ್ಣ ಲೋಟಕ್ಕೆ ಹಾಕಿ ಕೊಟ್ಟ. ಅಕ್ಕಯ್ಯ ಕಣ್ಣು ಮುಚ್ಚಿ ಗುಟುಕರಿಸಿದಳು. ಲೋಟ ಬರಿದು ಮಾಡಿದಳು. ಆಮೇಲೆ, “ಔಷ್ದಿ ಅಂದ್ರೆ ಕಹಿ ಅಂದ್ಕಂಡಿದ್ದೆ. ಇದು ಪರಸಾದ ಇದ್ದಂಗೈತಲ್ಲೋ,” ಎಂದಳು.

ಅಂದು ರಾತ್ರಿ ಅವಳು ಮುದ್ದೆ ಉಂಡಳು. ಅಂದಿನಿಂದ ಸಂಜೆಯ ಪೂಜೆ ಮುಗಿಸಿ ಜಗಲಿಗೆ ಬಂದು ಲೋಟ ಹಿಡಿದು ಕೂರುವುದು ರೂಢಿಯಾಯಿತು. ಮರುಳಸಿದ್ದಯ್ಯನೂ ಪಕ್ಕದಲ್ಲಿ ಕೂರುತ್ತಿದ್ದ. ಎರಡು ಗುಟುಕು ಇಳಿದರೆ ಅಕ್ಕಯ್ಯನ ಮಾತು ಬಿಚ್ಚಿಕೊಳ್ಳುತ್ತಿತ್ತು. ಗಂಡನ ಮನೆಯ ಮಾತನ್ನು ಯಾವತ್ತೂ ಎತ್ತದಿದ್ದವಳು, ಗಂಡ ತಿಪಟೂರಿನಿಂದ ತನಗಾಗಿ ಬಳೆ ತಂದು ಅತ್ತೆಗೆ ಕಾಣದಂತೆ ಅಟ್ಟದ ಮೇಲಿನ ಕಾಯಿಗಳ ನಡುವೆ ಬಚ್ಚಿಟ್ಟದ್ದನ್ನು ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಕ್ಕಯ್ಯ ಹಾಗೆ ನಗಬಲ್ಲಳೆಂದು ಅವನಿಗೆ ಗೊತ್ತೇ ಇರಲಿಲ್ಲ. ಅವಳ ಜೊತೆ ಅಷ್ಟು ಸುಖವಾಗಿ ಅವನು ಕೂತದ್ದೂ ಇಲ್ಲ. ನಗುವಾಗ ಅವಳ ಹಣೆಯ ವಿಭೂತಿ ಕಣ್ಣಿಗೆ ಬಿದ್ದರೆ ಮಾತ್ರ ಎದೆಯಲ್ಲಿ ಮುಳ್ಳು ಆಡಿಸಿದಂತಾಗುತ್ತಿತ್ತು.

“ಹೇಳಿಬುಡ್ರೀ,” ಎನ್ನುತ್ತಿದ್ದಳು ಗುರುಶಾಂತಮ್ಮ.

“ಊಟ ಸೇರ್ತಾ ಐತಲ್ಲ ಕಣೇ. ವಸಿ ಸುಧಾರಿಸ್ಕಳ್ಳಿ,” ಎನ್ನುತ್ತಿದ್ದ ಅವನು. ಅವಳು ಸುಧಾರಿಸಿಕೊಂಡ ಮೇಲೂ ಹೇಳಲಿಲ್ಲ.

ಒಂದು ದಿನ ತೋಟದಿಂದ ಬಂದಾಗ ಗುರುಶಾಂತಮ್ಮ ಗಾಬರಿಯಾಗಿ ಬಾಗಿಲಲ್ಲೇ ಕಾಯುತ್ತಿದ್ದಳು. ಪಕ್ಕದ ಬೀದಿಯ ರಾಮಕ್ಕನ ಸೊಸೆ ಧನಲಕ್ಷ್ಮಿ ತುಂಬಿದ ಬಸುರಿ, ನಿತ್ರಾಣವಾಗಿದ್ದಾಳೆಂದು ಕೇಳಿ ಅಕ್ಕಯ್ಯ ಅರಿಷ್ಟವನ್ನು ಬಾಟಲಿಗೆ ಬಗ್ಗಿಸಿಕೊಂಡು ಈಗಷ್ಟೇ ಹೋಗಿದ್ದಳು. ಮರುಳಸಿದ್ದಯ್ಯ ಕಾಲಿಗೆ ಚಪ್ಪಲಿಯಿಲ್ಲದೆ ಓಡಿದ.

ರಾಮಕ್ಕನ ನಡುಮನೆಯಲ್ಲಿ ಧನಲಕ್ಷ್ಮಿ ಲೋಟವನ್ನು ತುಟಿಯ ಹತ್ತಿರ ಹಿಡಿದಿದ್ದಳು. ಅವನು ನುಗ್ಗಿ ಅದನ್ನು ಕಿತ್ತುಕೊಂಡ. ಸೀರೆಯ ಮೇಲೆಲ್ಲ ಚೆಲ್ಲಿತು.

“ಯಾಕಣ್ಣ, ಏನಾಯ್ತು?” ಎಂದಳು ರಾಮಕ್ಕ.

“ಕುಡೀಬ್ಯಾಡ ತಾಯಿ. ಅದು ಅರಿಷ್ಟ ಅಲ್ಲ. ವೈನು. ಬ್ರಾಂದಿ ಹಾಕೈತೆ ಅದ್ರಾಗೆ.”

ಅಕ್ಕಯ್ಯ ಕಂಬದ ಪಕ್ಕದಲ್ಲಿ ಕೂತಿದ್ದಳು. ತಮ್ಮನ ಮುಖವನ್ನು ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು ಎದ್ದು ಹೋದಳು. ಅವನು ಹಿಂದೆ ಹೋಗದೆ ಅಲ್ಲೇ ನಿಂತ. ರಾಮಕ್ಕ ಬಟ್ಟೆ ತಂದು ಅವನ ಕಾಲಿನ ಸುತ್ತ ನೆಲ ಒರೆಸುತ್ತಿದ್ದಳು.

ಅಕ್ಕಯ್ಯ ಬೈಯಲಿಲ್ಲ, ಅಳಲಿಲ್ಲ. ತಲೆಗೆ ನೀರು ಹುಯ್ದುಕೊಂಡು ಪೂಜೆಗೆ ಕೂತಳು. ಮಾರನೆಯ ದಿನ ಹಿಂದಿನ ಕೋಣೆಯಲ್ಲಿ ಬೇರೆ ಒಲೆ ಹೂಡಿದಳು. ಅವನು ಎದುರು ಬಂದರೆ ದಾರಿ ಬಿಟ್ಟು ಗೋಡೆಗೆ ಸರಿಯುತ್ತಿದ್ದಳು.

ಸೋಮವಾರ ಗುಡಿಯಲ್ಲಿ ಹೆಂಗಸರು ಸೇರಿದಾಗ ಅವಳು ಬಾಗಿಲ ಹತ್ತಿರವೇ ಕೂತಳು. ಮುಂದೆ ಬಾ ಎಂದು ಕರೆದವರಿಗೆ ಹೇಳಿದಳು: “ಬ್ಯಾಡ ಕಣ್ರಮ್ಮ. ನಾನು ಕುಡ್ದಿವ್ನಿ. ಗೊತ್ತಿಲ್ದೆ ಅಂತ ಹೇಳಾಕಾಗಲ್ಲ. ಮೊದ್ಲು ಗೊತ್ತಿರ್ಲಿಲ್ಲ, ಆಮೇಲೆ ಅನುಮಾನ ಬಂದಿತ್ತು. ರುಚಿಯಾಗಿತ್ತು, ಕೇಳಿ ಈಸ್ಕಂಡು ಕುಡ್ದೆ.”

ತಮ್ಮನ ಹೆಸರನ್ನು ಅವಳು ಎತ್ತಲಿಲ್ಲ. ಹೊರಗೆ ಅರಳೀಕಟ್ಟೆಯ ಬಳಿ ನಿಂತು ಕೇಳುತ್ತಿದ್ದ ಮರುಳಸಿದ್ದಯ್ಯನಿಗೆ ಅದನ್ನು ತಡೆಯಲಾಗಲಿಲ್ಲ. ಗುಡಿಯ ಹೊಸ್ತಿಲಲ್ಲಿ ಬಂದು ನಿಂತ. “ನಮ್ಮಕ್ಕಯ್ಯಂದೇನೂ ತಪ್ಪಿಲ್ಲ. ಸುಳ್ಳು ಹೇಳಿ ಕೊಟ್ಟೋನು ನಾನು. ದಿನಾ ಅದೇ ಸುಳ್ಳು ಹೇಳ್ದೆ,” ಎಂದ.

ಊರಿನ ಹೋಟೆಲಿನಲ್ಲಿ ಅವನಿಗೆ ಅರಿಷ್ಟದ ಮರುಳಣ್ಣ ಎಂಬ ಹೆಸರು ಬಿತ್ತು. ಅವನು ಟೀ ಕುಡಿಯಲು ಹೋಗುವುದನ್ನು ಬಿಟ್ಟ. ಹಗೇವಿನಲ್ಲಿ ಉಳಿದಿದ್ದ ಬಾಟಲಿಗಳನ್ನು ಮೇಲೆತ್ತಿ ತಿಪ್ಪೆಯ ಪಕ್ಕದ ಗುಂಡಿಗೆ ಒಂದೊಂದಾಗಿ ಬಗ್ಗಿಸಿದ. ಆ ವಾಸನೆ ಮೇಲೇಳುತ್ತಿದ್ದಂತೆ ಬಾಯಲ್ಲಿ ನೀರೂರಿತು. ಅಕ್ಕನಿಗೆ ಮಾಡಿದ್ದಕ್ಕಿಂತ ಈ ರಸ ಹೋಯಿತಲ್ಲ ಎಂದೇ ಹೆಚ್ಚು ಹೊಟ್ಟೆ ಉರಿಯುತ್ತಿದೆಯೇನೋ ಅನ್ನಿಸಿ, ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಖಾಲಿ ಬಾಟಲಿಗಳ ಪಕ್ಕದಲ್ಲಿ ತಲೆ ತಗ್ಗಿಸಿ ಕೂತುಬಿಟ್ಟ. ಗುರುಶಾಂತಮ್ಮ ಬಂದು ಎಬ್ಬಿಸಿಕೊಂಡು ಹೋದಳು.

ಧನಲಕ್ಷ್ಮಿಗೆ ಸುಖವಾಗಿ ಹೆರಿಗೆಯಾಯಿತು, ಹೆಣ್ಣು ಮಗು. ನಾಮಕರಣಕ್ಕೆ ರಾಮಕ್ಕ ಖುದ್ದಾಗಿ ಬಂದು ಮನೆಯವರನ್ನೆಲ್ಲ ಕರೆದಳು. ಮರುಳಸಿದ್ದಯ್ಯ ಮೈಗೆ ಹುಷಾರಿಲ್ಲವೆಂದು ಮಂಚ ಬಿಟ್ಟು ಏಳಲಿಲ್ಲ. ಗುರುಶಾಂತಮ್ಮ ಕರೆದು ಸೋತು ಒಬ್ಬಳೇ ಹೋದಳು.

ಸ್ವಲ್ಪ ಹೊತ್ತಿಗೆ ಕೋಣೆಯ ಬಾಗಿಲಲ್ಲಿ ಅಕ್ಕಯ್ಯ ಬಂದು ನಿಂತಳು. ಅಷ್ಟು ದಿನಗಳಲ್ಲಿ ಅವಳು ಅವನೊಡನೆ ಮಾತಾಡಿದ್ದು ಅದೇ ಮೊದಲು.

“ಏಳ್ಲಾ. ಶರಟು ಹಾಕ್ಕ.”

“ನಂಗೆ ಮುಖ ಇಲ್ಲ ಅಕ್ಕಯ್ಯ.”

“ನಂಗೈತಾ? ನಾನು ಹೋಗ್ತಾ ಇಲ್ವಾ? ಏಳು.”

ಇಬ್ಬರೂ ಬೀದಿ ದಾಟಿದರು. ಚಪ್ಪರದ ಕೆಳಗೆ ಪಂಕ್ತಿ ಕೂತಿತ್ತು. ಯಾರೋ, “ಅರಿಷ್ಟ ತಂದಿದ್ದೀಯೇನಣ್ಣ?” ಎಂದು ಕೂಗಿದರು, ನಾಲ್ಕಾರು ಜನ ನಕ್ಕರು. ಅಕ್ಕಯ್ಯ ಅವನ ಪರ ಒಂದು ಮಾತೂ ಆಡಲಿಲ್ಲ. ಹೆಂಗಸರ ಸಾಲಿನತ್ತ ಹೋಗದೆ, ಅವನ ಪಕ್ಕದಲ್ಲೇ ಚಾಪೆಯ ಮೇಲೆ ಕೂತು ಎಲೆಗೆ ನೀರು ಚಿಮುಕಿಸಿದಳು. ಮರುಳಸಿದ್ದಯ್ಯ ಊಟ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಅವನು ಬೇಡವೆಂದು ಕೈ ಅಡ್ಡ ಹಿಡಿದಾಗಲೂ ಅಕ್ಕಯ್ಯ ಬಡಿಸುವವನಿಗೆ, “ಹಾಕಪ್ಪ, ಇನ್ನೊಂದು ಹೋಳಿಗೆ ಹಾಕು ಅವ್ನಿಗೆ,” ಎಂದಳು.