ಸಣ್ಣಕ್ಕ ಕೊಟ್ಟ ಮೊದಲ ಸರ್ಮನ್

ಸಣ್ಣಕ್ಕ ಮಾತಿಗೆ ಎದ್ದು ನಿಂತಳೆಂದರೆ ತಮಿಳುನಾಡಿನ ಹರೂರು ಕಡೆಯ ಕುರಿಯವರೆಲ್ಲ ದಿಕ್ಕಾಪಾಲು. ಇಪ್ಪತ್ತೈದು ವರ್ಷದಿಂದ ಅವಳ ಜೊತೆ ಧರಣಿ ಕೂತಿದ್ದೇನೆ. ಲಾಕಪ್ಪಿನಲ್ಲಿ ಪೊಲೀಸರಿಗೇ ಬುದ್ಧಿ ಹೇಳಿದ ಹೆಂಗಸು. ಕುಡೀಬೇಡ, ಓಟು ಮಾರಬೇಡ, ಹೆಣ್ಣುಮಗುವನ್ನು ಓದಿಸು. ಹೇಳುವುದೆಲ್ಲ ಸರಿಯೇ. ಕೇಳುವವನಿಗೆ ಮಾತ್ರ ಮುಖಕ್ಕೆ ಸಗಣಿ ಎರಚಿದ ಹಾಗೆ.

ಈ ವರ್ಷ ಸೈಟು ಮಾರುವವನೊಬ್ಬ ಕುರಿಗಳು ಕೆರೆಗೆ ಇಳಿಯುವ ದಾರಿಗೆ ತಂತಿಬೇಲಿ ಬಿಗಿದ. ಅಲ್ಲಿ ದಾರಿಯೇ ಇರಲಿಲ್ಲ ಎಂದು ಅವನ ಪರ ಸಾಕ್ಷಿ ಹೇಳಿದವನು ಸಣ್ಣಕ್ಕನ ಸ್ವಂತ ಮೈದುನ ಪಳನಿಸ್ವಾಮಿ. ಊರಿನ ದೊಡ್ಡ ಮಂದೆ ಅವನದು. ಹಿಂದಿನ ಸಭೆಯಲ್ಲಿ ಸಣ್ಣಕ್ಕ ಎಲ್ಲರೆದುರು ಅವನ ಕುಡಿತ ಎತ್ತಿ ಮಾನ ಕಳೆದಿದ್ದಳು. ಅದರ ಸೇಡು ಇದು.

ತಾಲ್ಲೂಕು ಆಫೀಸಿನಲ್ಲಿ ಅವಳು ನ್ಯಾಯ, ನೀತಿ ಅಂತ ಶುರು ಮಾಡಿದ್ದೇ ತಹಶೀಲ್ದಾರ್ ಬೇಡ ಬೇಡ ಎಂದು ಕೈ ಮುಗಿದರು. "ಅಮ್ಮಾ, ಸರ್ಮನ್ ವೇಣಾಂ!" ಶುಕ್ರವಾರ ಜಾಗ ನೋಡಲು ಬರುತ್ತೇನೆ, ಇಲ್ಲ ಎಂದ ಪಳನಿಸ್ವಾಮಿಯೇ ದಾರಿ ಇತ್ತು ಎಂದರೆ ಬೇಲಿ ಕೀಳಿಸುತ್ತೇನೆ ಎಂದರು.

ವಾಪಸು ಬಸ್ಸಿನಲ್ಲಿ ಅವಳು ಮೊಮ್ಮಗಳ ಪಕ್ಕೆ ತಿವಿದಳು. ರೋಜಾ ಬಿ.ಎ. ಇಂಗ್ಲಿಷ್ ಓದುವ ಹುಡುಗಿ.

"ಅದೇನೇ ಅದು, ಸರ್ಮನ್ನು?"

"ಚರ್ಚಲ್ಲಿ ಪಾದ್ರಿ ಏಳೋ ಬುದ್ಧಿಮಾತು ಅಜ್ಜಿ. ನೀನು ದಿನಾ ನಮ್ ಪ್ರಾಣ ತಿಂತೀಯಲ್ಲ, ಅದೇ."

"ಥೂ ನಿನ್ನ! ಪಾದ್ರಿಗೆ ಎಲ್ಲಿಂದ ಸಿಕ್ತು ಆ ಮಾತು?"

ರೋಜಾ ಫೋನ್ ತೆಗೆದಳು. "ಲ್ಯಾಟಿನ್‌ಲಿ 'ಸೆರ್ಮೋ' ಅಂತ ಇತ್ತಂತೆ. ಅಂದ್ರೆ ಬರೀ ಮಾತುಕತೆ. ಇಬ್ರು ಕೂತ್ಕೊಂಡು ಆಡ್ಕೊಳ್ಳೋದು. ಪೋಣಿಸೋದು, ಸೇರ್ಸೋದು ಅನ್ನೋ ಬೇರಿಂದ ಬಂದಿರ್ಬೋದು ಅಂತಾನೂ ಐತೆ. ಆಮೇಲೆ ಚರ್ಚಿನೋರು ಎತ್ಕೊಂಡ್ರು. ಒಬ್ರು ಏಳೋದು, ಮಿಕ್ಕೋರು ಕೇಳೋದು ಆಗೋಯ್ತು."

ಸಣ್ಣಕ್ಕ ಮುಂದಿನ ಸೀಟಿನ ಕಂಬಿ ಬಡಿದಳು. "ಇಬ್ರೂ ಆಡೋದಾ? ಅಂಗಾದ್ರೆ ನಾನು ಒಂದೂ ಸರ್ಮನ್ ಕೊಟ್ಟೇ ಇಲ್ವಲ್ಲೇ! ಬರೀ ಬೈದಿದೀನಿ!"

ಬಸ್ಸೆಲ್ಲ ನಕ್ಕಿತು. ಅವಳು ನಗಲಿಲ್ಲ. ಸ್ಟಾಪ್ ಬಂದದ್ದೇ ಧುಮುಕಿ, ನೆಟ್ಟಗೆ ಪಳನಿಸ್ವಾಮಿಯ ಕುರಿಹಟ್ಟಿಗೆ ನಡೆದಳು. ಹಿಂದೆ ರೋಜಾ, ನಾನು.

ಅವನು ಉಣ್ಣೆ ಕತ್ತರಿಸಲು ಕುರಿ ಕೆಡವಿದ್ದ. ಒಬ್ಬನಿಂದಾಗುವ ಕೆಲಸವಲ್ಲ ಅದು, ಇನ್ನೊಬ್ಬರು ಕಾಲು ಹಿಡಿಯಬೇಕು. ಸಣ್ಣಕ್ಕ ಎದುರಿಗೆ ಕುಕ್ಕರಿಸಿ ಗಪ್ಪನೆ ಹಿಡಿದಳು.

"ಬುದ್ಧಿ ಏಳಕ್ ಬಂದ್ಯಾ ಅತ್ಗೆ?"

"ಕಾಲ್ ಇಡ್ಕಳಕ್ ಬಂದೆ. ಕುರೀದು, ನಿಂದಲ್ಲ. ಕತ್ರಿ ಓಡ್ಸು."

ಕತ್ತರಿ ಓಡಲಿಲ್ಲ. ಕಚಕಚ ಕಚ್ಚಿ ನಿಂತಿತು.

"ಏನ್ಲಾ, ಬೆಣ್ಣೆ ಕುಯ್ದಂಗೆ ಕತ್ರುಸ್ತಿದ್ದೋನು?"

"ಮಣ್ಣು, ಅತ್ಗೆ. ಕೆರೇಲಿ ಮೈ ತೊಳ್ದು ಆಮೇಲೆ ಕತ್ರಿ ಆಕ್ಬೇಕು. ಈ ಸಲ ತೊಳ್ದೇ ಇಲ್ಲ."

"ಯಾಕೆ?"

ಪಳನಿಸ್ವಾಮಿ ಕತ್ತರಿಯ ಅಲಗಿನ ಮಣ್ಣು ಒರೆಸತೊಡಗಿದ. ಸಣ್ಣಕ್ಕನ ಕತ್ತಿನ ನರ ಉಬ್ಬಿತು. ಒಳಗೆ ಒಂದು ಲಾರಿ ಮಾತು! ಆದರೂ ಹಲ್ಲು ಕಚ್ಚಿ ಕೂತಳು. ಇಂಥದ್ದನ್ನು ನಾನು ಕಂಡಿದ್ದು ಅದೇ ಮೊದಲು.

"ಬೇಲಿ ಐತಲ್ಲ," ಎಂದ ಕೊನೆಗೆ, ಕುರಿಯ ಬೆನ್ನು ನೋಡುತ್ತಾ. "ಅವತ್ತು ಅಷ್ಟ್ ಜನದ ಮುಂದೆ ಅಂಗಂದ್ಬುಟ್ಯಲ್ಲ ನೀನು."

"ಅಂದೆ. ಅನ್ಬಾರ್ದಿತ್ತು."

ಅಷ್ಟೇ. ಅವನು ಇನ್ನೊಂದು ಕುರಿ ಎಳೆದು ತಂದ. ಹೊತ್ತು ಮುಳುಗುವ ತನಕ ಇಬ್ಬರೂ ಮಳೆ, ಮೇವು, ಅವನ ಸತ್ತ ಅಣ್ಣ, ಅಂದರೆ ಅವಳ ಗಂಡನ ಕಥೆ ಆಡಿದರು. ಬೇಲಿಯ ಸುದ್ದಿ ಮತ್ತೆ ಬರಲಿಲ್ಲ.

ಶುಕ್ರವಾರ ತಹಶೀಲ್ದಾರ್ ಜೀಪಿನಿಂದ ಇಳಿಯುವ ಮೊದಲೇ ಧೂಳೆದ್ದಿತು. ಪಳನಿಸ್ವಾಮಿ ಇಡೀ ಮಂದೆಯನ್ನು ಬೇಲಿಗೆ ಹೊಡೆದುಕೊಂಡು ಬಂದಿದ್ದ!

"ಸಾರ್, ಇದೇ ದಾರಿ. ಇಲ್ಲ ಅಂದಿದ್ದು ಸುಳ್ಳು. ಬರ್ಕೊಳ್ಳಿ."

ಅಷ್ಟಕ್ಕೇ ಮಾತಿನ ಕಟ್ಟೆ ಒಡೆಯಿತು. ಸಭೆಯಲ್ಲಿ ಮೂಲೆ ಹಿಡಿದು ನಿಲ್ಲುತ್ತಿದ್ದ ಕುರಿಯವರೆಲ್ಲ ಮುಂದೆ ಬಂದು ತಮಿಳು, ಕನ್ನಡ ಕಲಸಿ ಒಟ್ಟಿಗೆ ಮಾತಾಡಿದರು. ತಹಶೀಲ್ದಾರ್ ಬರೆದು ಬರೆದು ಬೆವೆತರು. ಮಧ್ಯಾಹ್ನದೊಳಗೆ ತಂತಿ ನೆಲ ಕಚ್ಚಿತು. ಕುರಿಗಳು ದಡದಡ ಇಳಿದು ನೀರಿಗೆ ಬಿದ್ದವು. ಸಣ್ಣಕ್ಕ ಸೀರೆ ಕಚ್ಚೆ ಕಟ್ಟಿ ಸೊಂಟದುದ್ದ ನೀರಿನಲ್ಲಿ ನಿಂತು, ಇನ್ನೂ ಕತ್ತರಿಸದ ಕುರಿಗಳ ಮೈ ಗಸಗಸ ಉಜ್ಜತೊಡಗಿದಳು.